ಎಂಬತ್ತೆರಡು ಕಿಲೋದ ಗುಂಡುಸೂಜಿ

ರಾವಸಾಹೇಬರ ಬಗ್ಗೆ ಹೇಳಬೇಕೆಂದರೆ ಮೊದಲು ಅವರ ತೂಕ ಹೇಳಬೇಕು. ಎಂಬತ್ತೆರಡು ಕಿಲೋ. ಬೇರೆಯವರ ಕಥೆಯಲ್ಲಿ ಇಂಥ ವಿವರ ಅನವಶ್ಯಕ. ಇವರ ಕಥೆಯಲ್ಲಿ ಅದೇ ಅವರ ಪದವಿ.

ಹೊಟ್ಟೆಪಾಡಿಗೆ ಬೇರೆ ಕೆಲಸವಿತ್ತು, ನಿಜ. ಇಚಲಕರಂಜಿಯ ಮಗ್ಗದ ಕಾರಖಾನೆಯೊಂದರಲ್ಲಿ, ನೇಯ್ದು ಬಂದ ಬಟ್ಟೆಯನ್ನು ಅಳೆದು ಮಡಿಚುವ ವಿಭಾಗದಲ್ಲಿ ಅವರು ಮೂವತ್ತೆರಡು ವರ್ಷದ ಹಿರಿಯರು. ಆದರೆ ಅಲ್ಲಿ ಅವರ ಮೇಲೆ ಮ್ಯಾನೇಜರ್ ಇದ್ದ, ಅವನ ಮೇಲೆ ಮಾಲೀಕ ಇದ್ದ. ಮನೆಯಲ್ಲಿ, ದೀಪಾವಳಿ ಮುಗಿದು ಶಿವರಾತ್ರಿ ಬರುವವರೆಗಿನ ಭಾನುವಾರಗಳಲ್ಲಿ, ರಾವಸಾಹೇಬರ ಮೇಲೆ ಯಾರೂ ಇರುತ್ತಿರಲಿಲ್ಲ. ಅವರ ಕೆಳಗೆ ಕೌದಿ ಇರುತ್ತಿತ್ತು.

ಅವರ ಹೆಂಡತಿ ಗೌರವ್ವನ ಕೌದಿಗೆ ಓಣಿಯಲ್ಲಿ ಹೆಸರು. ಹಳೆ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ನಡುವಿಗೆ ಸುತ್ತುತ್ತ ಕೈಹೊಲಿಗೆ ಹಾಕಿಕೊಂಡು ಹೋಗುವುದು ಅವಳ ಪದ್ಧತಿ. ಇದರಲ್ಲಿ ತೊಂದರೆ ಒಂದೇ: ಪದರಗಳು ಸುಮ್ಮನಿರುವುದಿಲ್ಲ. ಒಂದೇ ಅಡಿಗೆಮನೆಯ ನಾಲ್ಕು ಜನ ಸೊಸೆಯಂದಿರಂತೆ, ಒಬ್ಬಳು ಆಚೆ ಸರಿದರೆ ಇನ್ನೊಬ್ಬಳು ಈಚೆ. ಮದುವೆಯಾದ ಹೊಸತರಲ್ಲಿ ಗೌರವ್ವ ಮೂರು ಮೂಲೆಗೆ ತುಂಬಿದ ಕೊಡ, ನಾಲ್ಕನೆಯದಕ್ಕೆ ರುಬ್ಬುವ ಗುಂಡು ಇಡುತ್ತಿದ್ದಳು. ಒಂದು ಭಾನುವಾರ ಪಕ್ಕದ ಮನೆಯವರು ಗುಂಡನ್ನು ಒಯ್ದಿದ್ದರು. "ಒಂದೀಟ ಇಲ್ಲಿ ಕೂಡ್ರಿ," ಎಂದಳು ಗೌರವ್ವ. ಪತ್ರಿಕೆ ಓದುತ್ತಿದ್ದ ರಾವಸಾಹೇಬರು ಸರಿದು ಮೂಲೆಯ ಮೇಲೆ ಕೂತರು. ಗುಂಡು ಮರುದಿನವೇ ವಾಪಸು ಬಂತು. ರಾವಸಾಹೇಬರು ಇಪ್ಪತ್ತೆಂಟು ವರ್ಷ ಏಳಲಿಲ್ಲ.

ಅಲ್ಲೇ ಚಹಾ, ಅಲ್ಲೇ ಚುರುಮುರಿ ಸುಸಲಾ. ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು: ಬಿದ್ರಿ ಕಾರಖಾನೆಯ ಕಬ್ಬಿನ ದರ, ಪಂಚಗಂಗೆಯ ನೀರು, ಯಾರು ತೀರಿಕೊಂಡರು, ವೃಷಭ ರಾಶಿಗೆ ಏನು ಕಾದಿದೆ. ಗೌರವ್ವ ದಾರ ಹಲ್ಲಿನಲ್ಲಿ ಹಿಡಿದು "ಹೂಂ" ಅನ್ನುವಳು. ಸುದ್ದಿ ಕೆಟ್ಟದಿದ್ದರೆ "ಹೌದಾ" ಅನ್ನುವಳು. ವಾರದ ಉಳಿದ ಆರು ದಿನ ಗಂಡಹೆಂಡಿರ ಸಂಭಾಷಣೆ "ಹಾಲ ಬಂತೇನ?", "ಬಂತು" ಎಂಬಲ್ಲಿಗೆ ಮುಗಿಯುತ್ತಿತ್ತು. ಆದ್ದರಿಂದ ಆ ಮೂಲೆ ರಾವಸಾಹೇಬರಿಗೆ ಬರೀ ಮೂಲೆಯಲ್ಲ. ಯಾರಾದರೂ ಕೌದಿ ಹೊಗಳಿದರೆ ಗೌರವ್ವ ಬಾಯಿ ತೆರೆಯುವ ಮೊದಲೇ ಅವರು, "ನಾವ ಹೊಲದದ್ದು," ಎನ್ನುತ್ತಿದ್ದರು. ಸೂಜಿಗೆ ದಾರ ಪೋಣಿಸಲು ಬಾರದ ಮನುಷ್ಯ ಹಾಗೆ ಹೇಳಬಹುದೇ ಎಂದು ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಎಂಬತ್ತೆರಡು ಕಿಲೋದ ಮಾತಿಗೆ ಎದುರು ಮಾತು ಕಷ್ಟ.

ಈ ವರ್ಷ ಮಗಳು ನೇತ್ರಾ ಗಡಹಿಂಗ್ಲಜದಲ್ಲಿ, ಗಂಡನ ಮನೆಯಲ್ಲೇ, ಎರಡನೆಯ ಸಲ ಬಾಣಂತಿಯಾದಳು. ಗಂಡುಮಗು. ತೊಟ್ಟಿಲಿಗೆ ಹಾಕುವ ದಿನ ತವರಿನ ಕೌದಿ ಹೋಗಬೇಕು. ಭಾನುವಾರ ಬೆಳಿಗ್ಗೆ ರಾವಸಾಹೇಬರು ಸ್ನಾನ ಮುಗಿಸಿ, ಪತ್ರಿಕೆ ಮಡಿಚಿಕೊಂಡು, ಅಧ್ಯಕ್ಷರು ವೇದಿಕೆಗೆ ಬರುವಂತೆ ಪಡಸಾಲೆಗೆ ಬಂದರು.

ಕೌದಿ ಹಾಸಿತ್ತು. ಅದರ ತುಂಬ ಸಾಲುಸಾಲಾಗಿ ಬಿಳಿ ತಲೆಯ ಗುಂಡುಸೂಜಿಗಳು, ಮಲ್ಲಿಗೆ ಮೊಗ್ಗು ಚೆಲ್ಲಿದಂತೆ.

"ಇವತ್ತ ನೀವ ಕೂಡೂದ ಬ್ಯಾಡ್ರಿ," ಎಂದಳು ಗೌರವ್ವ, ತಲೆ ಎತ್ತದೆ.

"ಯಾಕ?"

"ಪಿನ್ ಹಚ್ಚೇನಿ."

"ಯಾರ ಹೇಳಿದ್ರ?"

"ಸರ್ ಹೇಳ್ಯಾರ."

ಸರ್ ಎಂದರೆ ಜಿನಗೊಂಡ ಸರ್. ಊರು ಉದಗಾಂವ. ಕೊಲ್ಹಾಪುರದಲ್ಲಿ ಹೆಣ್ಣುಮಕ್ಕಳಿಗೆ ಮೂವತ್ತು ವರ್ಷ ಹೊಲಿಗೆ ಕಲಿಸಿ ನಿವೃತ್ತರಾಗಿ, ಈಗ ಪ್ರತಿ ಶನಿವಾರ ಇಚಲಕರಂಜಿಯ ಸಮಾಜ ಮಂದಿರದಲ್ಲಿ ಕೌದಿಯ ಕ್ಲಾಸು ನಡೆಸುತ್ತಿದ್ದರು. ಇಪ್ಪತ್ತು ಹೆಣ್ಣುಮಕ್ಕಳು ಹೋಗುತ್ತಿದ್ದರು. ಗೌರವ್ವನೂ ಎರಡು ತಿಂಗಳಿಂದ ಹೋಗುತ್ತಿದ್ದಳು. ಕೌದಿ ಹೊಲಿಯಲು ಬರುವವಳು ಕೌದಿ ಕಲಿಯಲು ಯಾಕೆ ಹೋಗಬೇಕು ಎಂಬ ಪ್ರಶ್ನೆ ರಾವಸಾಹೇಬರಿಗೆ ಈಗ, ಎರಡು ತಿಂಗಳು ತಡವಾಗಿ, ಹೊಳೆಯಿತು.

"ಈ ಪಿನ್?"

"ಅವರ ಕೊಟ್ಟಾರ. ಡಬ್ಬಿಗೆ ಅರವತ್ತ ಅದಾವ."

"ನಿನಗ ಕೊಟ್ಟಾರೇನ?"

"ಮತ್ತ ನಿಮಗ ಕೊಡ್ತಾರೇನ?"

ಬಾಗಿಲಲ್ಲಿ ಪಕ್ಕದ ಮನೆಯ ರಂಗುಬಾಯಿ ನಿಂತಿದ್ದಳು. ರಂಗುಬಾಯಿ ಸಾಮಾನ್ಯವಾಗಿ ಅಲ್ಲೇ ನಿಂತಿರುತ್ತಾಳೆ. ತನ್ನ ಮನೆಯಲ್ಲಿ ಅವಳನ್ನು ಕಂಡವರು ಕಡಿಮೆ. ಅವಳು ರಾವಸಾಹೇಬರನ್ನು ಮೇಲಿಂದ ಕೆಳಗೆ ನೋಡಿ, "ಅಗೊಬಾಯಿ, ಭಾವಜಿ ರಿಟೈರ್ ಆದ್ರಂತ," ಎಂದಳು.

"ಹಂಗಾರ ನಾ ಎಲ್ಲಿ ಕೂಡ್ಲಿ?" ಎಂದು ರಾವಸಾಹೇಬರು ಹೆಂಡತಿಯನ್ನು ಕೇಳಿದರು.

"ಕುರ್ಚಿ ಐತೆಲ್ಲ."

ಕುರ್ಚಿಯ ಮೇಲೆ ಕೂತವನ ತೂಕ ಲೋಕದಲ್ಲಿ ಯಾರ ಉಪಯೋಗಕ್ಕೂ ಬರುವುದಿಲ್ಲ. ಆದರೂ ಕೂತರು. ಪತ್ರಿಕೆ ತೆರೆದು, "ಬಿದ್ರಿ ಕಾರಖಾನ್ಯಾಗ ಈ ಸಲ..." ಎಂದು ಶುರುಮಾಡಿದರು.

"ಒಂದೀಟ ಸುಮ್ಮನಿರ್ರಿ. ಹೊಲಿಗಿ ಎಣಸಾಕತ್ತೇನಿ. ಒಂದ ಇಂಚಿಗೆ ಐದ ಬೀಳಬೇಕಂತ."

ರಾವಸಾಹೇಬರು ಅಂದು ಪತ್ರಿಕೆಯನ್ನು ಮನಸ್ಸಿನಲ್ಲೇ ಓದಿದರು. ಅವರು ಜೀವನದಲ್ಲಿ ಮೊದಲ ಸಲ ಹಾಗೆ ಓದಿದ್ದು. ಏನೂ ಅರ್ಥವಾಗಲಿಲ್ಲ.

ಮುಂದಿನ ಶನಿವಾರ ಅವರು ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಮಾಜ ಮಂದಿರಕ್ಕೆ ಹೋದರು. ಉದ್ದೇಶ ಶಾಸ್ತ್ರಾರ್ಥ: ಕೌದಿಗೆ ಗುಂಡುಸೂಜಿ ಬೇಕೇ, ಬೇಡವೇ. ಇದಕ್ಕೂ ಬೇರೆ ಯಾವ ಭಾವನೆಗೂ ಸಂಬಂಧವಿಲ್ಲವೆಂದು ದಾರಿಯುದ್ದಕ್ಕೂ ತಮಗೆ ತಾವೇ ಹೇಳಿಕೊಂಡರು. ಜಿನಗೊಂಡ ಸರ್ ಸಪೂರ ಮನುಷ್ಯ, ಅಳತೆಯ ಟೇಪನ್ನು ಕೊರಳಿಗೆ ಹಾರದಂತೆ ಹಾಕಿಕೊಂಡಿದ್ದರು. ರಾವಸಾಹೇಬರು ಕಣ್ಣಳತೆಯಲ್ಲೇ ತೂಗಿದರು: ಐವತ್ತೊಂದು, ಹೆಚ್ಚೆಂದರೆ ಐವತ್ತೆರಡು. ಈ ಮನುಷ್ಯ ಯಾವ ಮೂಲೆಗೂ ನಿಲ್ಲುವವನಲ್ಲ. ಅತ್ತರು ಬೇರೆ ಹಚ್ಚಿದ್ದ.

"ಬರ್ರಿ, ಬರ್ರಿ. ಗೌರವ್ವ ತಾಯಿಯವರ ಯಜಮಾನ್ರಲ್ಲಾ? ನಿಮ್ಮ ಬಗ್ಗೆ ಭಾಳ ಕೇಳೇನಿ."

"ಏನ ಕೇಳೀರಿ?"

"ನೀವ ಕೂಡ್ತೀರಂತ."

ಇಪ್ಪತ್ತು ಹೆಣ್ಣುಮಕ್ಕಳು ತಲೆ ತಗ್ಗಿಸಿದರು. ರಾವಸಾಹೇಬರು ಗಂಟಲು ಸರಿಮಾಡಿಕೊಂಡರು.

"ಮೂವತ್ತೆರಡ ವರ್ಷ ಬಟ್ಟ್ಯಾಗ ತಗದೇನ್ರಿ. ಪಿನ್ ಚುಚ್ಚಿದ್ರ ಬಟ್ಟಿಗೆ ತೂತ ಬೀಳತೈತಿ."

"ಖರೆ ಐತ್ರಿ. ಸೂಜಿ ಚುಚ್ಚಿದ್ರೂ ಬೀಳತೈತಿ."

"ಆಯ್ತು. ಕೂಸಿನ ಕೌದಿ. ಅದರಾಗ ಒಂದ ಪಿನ್ ಉಳೀತು ಅಂತ ತಿಳೀರಿ. ಆಮ್ಯಾಲ?"

ಈ ಪ್ರಶ್ನೆ ಚೆನ್ನಾಗಿತ್ತು. ಸಭೆ ಗಂಭೀರವಾಯಿತು. ಹಿಂದಿನ ಸಾಲಿನಿಂದ ರಂಗುಬಾಯಿ, "ಬರೋಬರ್ ಕೇಳಿದ್ರು," ಎಂದಳು.

"ಅದಕ್ಕ ಎಣಸಬೇಕ್ರಿ," ಎಂದರು ಸರ್, ಸಮಾಧಾನವಾಗಿ. "ಅರವತ್ತ ಹೋಗತಾವ, ಅರವತ್ತ ಬರಬೇಕು. ಐವತ್ತೊಂಬತ್ತ ಬಂದ್ರ ಕೌದಿ ಬಿಚ್ಚಬೇಕು. ಅದ ನೇಮ. ಈಗ ನೀವ ಬಂದೀರಿ, ಭಾಳ ಛಲೋ ಆತು. ಎರಡೂ ಪದ್ಧತಿ ತೋರಸೂಣು. ಇಲ್ಲಿ ಮೂಲಿಗೆ ಕೂಡ್ರಿ."

ನಡುವೆ ಹಾಸಿದ್ದ ಕೌದಿಯ ಮೂಲೆಗೆ ರಾವಸಾಹೇಬರು ಹಿಗ್ಗಿನಿಂದ ಕೂತರು. ಸರ್ ಅವರ ಸುತ್ತ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದರು. ಎದುರು ಮೂಲೆಗೆ ನಾಲ್ಕು ಗುಂಡುಸೂಜಿ ಚುಚ್ಚಿದರು. ಆಮೇಲೆ ಹೊಲಿಗೆಯ ಸಾಲುಗಳ ಬಗ್ಗೆ ಅರ್ಧ ಗಂಟೆ ಮಾತನಾಡಿದರು. ಧ್ವನಿ ಮೆತ್ತಗಿತ್ತು, ಫ್ಯಾನು ತಿರುಗುತ್ತಿತ್ತು, ರಾವಸಾಹೇಬರು ಊಟ ಮಾಡಿ ಬಂದಿದ್ದರು.

ಎಚ್ಚರವಾದಾಗ ಸರ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಟೇಪು ಹಿಡಿದಿದ್ದರು.

"ಸಾಹೇಬ್ರು ಗ್ವಾಡಿ ಕಡೆ ಒಂದೂವರಿ ಇಂಚ ಸರದಾರ," ಎಂದು ಸಭೆಗೆ ತಿಳಿಸಿದರು. ಅದರಲ್ಲಿ ವ್ಯಂಗ್ಯವಿರಲಿಲ್ಲ, ಅಳತೆ ಮಾತ್ರ ಇತ್ತು. "ಪಿನ್ನಿಗೆ ನಿದ್ದಿ ಬರೂದಿಲ್ಲ ನೋಡ್ರಿ. ಅಷ್ಟ ಫರಕ."

ಎಲ್ಲರೂ ನಕ್ಕರು. ರಾವಸಾಹೇಬರು ಅದನ್ನು ಸಹಿಸಿದರು. ಆದರೆ ಮೂರನೆಯ ಸಾಲಿನಲ್ಲಿ ಗೌರವ್ವ ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಹಾಗೆ ಅವಳು ನಕ್ಕದ್ದನ್ನು ಅವರು ನೇತ್ರಾಳ ಮದುವೆಯಾದ ಮೇಲೆ ಕಂಡಿರಲಿಲ್ಲ. ಈಗ ನಕ್ಕಿದ್ದಳು, ಅದೂ ಐವತ್ತೆರಡು ಕಿಲೋದ ಮಾತಿಗೆ.

ಹೊಟ್ಟೆಕಿಚ್ಚಿಗೆ ಹೊಟ್ಟೆ ದೊಡ್ಡದಿದ್ದಷ್ಟೂ ಜಾಗ ಹೆಚ್ಚು. ಸೋಮವಾರದಿಂದ ಮೂರು ದಿನ ರಾವಸಾಹೇಬರು ಕಾರಖಾನೆಯಲ್ಲಿ ಮಡಿಚಿದ್ದನ್ನೇ ಮತ್ತೆ ಮಡಿಚಿದರು. ನಾಲ್ಕನೆಯ ದಿನ, ಗುರುವಾರ, ದಾರಿ ಹೊಳೆಯಿತು. ನೇಮ ಅವನೇ ಹೇಳಿದ್ದಾನೆ. ಐವತ್ತೊಂಬತ್ತು ಬಂದರೆ ಕೌದಿ ಬಿಚ್ಚಬೇಕು. ಬಿಚ್ಚಿದ ಕೌದಿಯನ್ನು ಮತ್ತೆ ಹೊಲಿಯಬೇಕು. ಒಮ್ಮೆ ಮೋಸ ಮಾಡಿದ ಗುಂಡುಸೂಜಿಯನ್ನು ಯಾವ ಅಜ್ಜಿಯೂ ಮೊಮ್ಮಗನ ಹತ್ತಿರ ಸೇರಿಸುವುದಿಲ್ಲ. ಆಗ ಉಳಿಯುವುದು ಯಾವ ಪದ್ಧತಿ?

ಸಂಜೆ ಗೌರವ್ವ ಹಿಟ್ಟಿನ ಗಿರಣಿಗೆ ಹೋದಳು. ರಾವಸಾಹೇಬರು ಡಬ್ಬಿಯಿಂದ ಒಂದು ಗುಂಡುಸೂಜಿ ತೆಗೆದು, ಅಂಗಿಯ ಕಾಲರಿನ ಹಿಂದೆ ಚುಚ್ಚಿಕೊಂಡರು. ಕಳ್ಳತನದ ಅನುಭವವಿಲ್ಲದವರು ಇಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಮುಕ್ಕಾಲು ಮುಗಿದ ಕೌದಿ ಮಂಚದ ಮೇಲೆ ಹಾಸಿತ್ತು. ಅದರ ಮೇಲೆ, ಗುಂಡುಸೂಜಿ ತೆಗೆದ ಬದಿಯಲ್ಲಿ, ಒಂದು ಕ್ಷಣ, ಹಳೆಯ ಹಕ್ಕಿನಿಂದ, ಕೂತರು. ಕೂತವರು ಒರಗಿದರು. ಒರಗಿದವರು ಮಲಗಿದರು. ಗಿರಣಿಯಿಂದ ಬಂದ ಗೌರವ್ವ ಎಬ್ಬಿಸಿದಾಗ ಗಾಬರಿಯಿಂದ ಎದ್ದು, ಅಂಗಿ ಬದಲಿಸಿ, ಪಾರಾದವರಂತೆ ಪೇಟೆಗೆ ಹೋಗಿಬಿಟ್ಟರು.

ಭಾನುವಾರ ಕೌದಿ ಮುಗಿಯಿತು. ಒಂದು ಮೂಲೆಯಷ್ಟೇ ಗೇಣು ತೆರೆದಿತ್ತು. ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು ಕೊನೆಯ ಮೂಲೆಯಲ್ಲಿ ರೊಟ್ಟಿಯ ಚೂರಿಟ್ಟು ಮುಚ್ಚುವುದು ಗೌರವ್ವನ ತವರಿನ ರೂಢಿ, ಅದನ್ನು ತೊಟ್ಟಿಲ ದಿನವೇ ಮಾಡುವುದು. ಅವಳು ಗುಂಡುಸೂಜಿಗಳನ್ನೆಲ್ಲ ತೆಗೆದು ತಟ್ಟೆಯಲ್ಲಿ ಹರವಿಕೊಂಡು ಎಣಿಸತೊಡಗಿದಳು. ಹೆಬ್ಬೆರಳಿಗೆ ಅರಿಷಿಣ ಮೆತ್ತಿಕೊಂಡಿದ್ದಳು. ರಾವಸಾಹೇಬರು ಅದನ್ನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಅವರು "ಅಯ್ಯ, ಹಂಗಂದ್ರ ಒಂದ ಒಳಗ ಉಳೀತೇನ?" ಎಂಬ ಮಾತನ್ನು ಬೆಳಿಗ್ಗೆಯಿಂದ ಅಭ್ಯಾಸ ಮಾಡಿ, ನಾಲಿಗೆಯ ತುದಿಯಲ್ಲಿಟ್ಟುಕೊಂಡು ಕೂತಿದ್ದರು.

"ಐವತ್ತೆಂಟ. ಐವತ್ತೊಂಬತ್ತ. ಅರವತ್ತ," ಎಂದಳು ಗೌರವ್ವ. ಡಬ್ಬಿ ಮುಚ್ಚಿದಳು.

"ಅಯ್ಯ," ಎಂದರು ರಾವಸಾಹೇಬರು. ಮುಂದಿನದು ಬರಲಿಲ್ಲ.

"ಏನಾತ್ರಿ?"

"ಮತ್ತೊಮ್ಮಿ ಎಣಸು."

ಮತ್ತೊಮ್ಮೆ ಎಣಿಸಿದಳು. ಅರವತ್ತು. ರಂಗುಬಾಯಿಯೂ ಬಾಗಿಲಿಂದ ಬಂದು ಎಣಿಸಿದಳು. "ಸಾಠ್," ಎಂದಳು. ಮರಾಠಿಯಲ್ಲಿಯೂ ಅಷ್ಟೇ ಇದ್ದವು.

ರಾವಸಾಹೇಬರು ಹಿತ್ತಲಿಗೆ ಓಡಿದರು. ಗುರುವಾರದ ಅಂಗಿ ಒಗೆದು ಒಣಗಿ ಹಗ್ಗದ ಮೇಲೆ ತೂಗುತ್ತಿತ್ತು. ಕಾಲರು ಮುಂದೆ ನೋಡಿದರು, ಹಿಂದೆ ನೋಡಿದರು. ಏನೂ ಇಲ್ಲ. ಮಲಗಿದ್ದು ಎಲ್ಲಿ? ಕೌದಿಯ ಮೇಲೆ. ಉದುರಿದ್ದು ಎಲ್ಲಿ? ಕೌದಿಯೊಳಗೆ. ಅಂದರೆ ಯಾವ ಸುಳ್ಳನ್ನು ಅವರು ಹೇಳಬೇಕೆಂದಿದ್ದರೋ ಅದು ಈಗ ನಿಜವಾಗಿತ್ತು. ಮೊಮ್ಮಗನ ಕೌದಿಯಲ್ಲಿ ಗುಂಡುಸೂಜಿ ಇದೆ.

ಹಾಗಾದರೆ ಡಬ್ಬಿಯಲ್ಲಿ ಅರವತ್ತು ಹೇಗೆ? ರಾವಸಾಹೇಬರು ಬಟ್ಟೆಯ ಲೆಕ್ಕದಲ್ಲಿ ಮೂವತ್ತೆರಡು ವರ್ಷ ಪಳಗಿದವರು. ಅರವತ್ತು ಉಳಿದು, ಒಂದು ಕದ್ದದ್ದಾದರೆ, ಮೊದಲು ಇದ್ದದ್ದು ಅರವತ್ತೊಂದು. ಎಲ್ಲ ಹೆಣ್ಣುಮಕ್ಕಳಿಗೂ ಅರವತ್ತು ಕೊಟ್ಟ ಆ ಮನುಷ್ಯ ಗೌರವ್ವನಿಗೆ ಅರವತ್ತೊಂದು ಕೊಟ್ಟಿದ್ದಾನೆ. ಯಾಕೆ ಕೊಟ್ಟ?

ರಂಗುಬಾಯಿ ಮನೆಗೆ ಹೋದ ಮೇಲೆ ಅವರು ಬೇಲಿಯಾಚೆ ಬಗ್ಗಿ ಕೇಳಿದರು. "ರಂಗುಬಾಯಿ, ನಿಮಗ ಸರ್ ಎಷ್ಟ ಪಿನ್ ಕೊಟ್ಟಾರ?"

"ಅರವತ್ತ. ಯಾಕ ಭಾವಜಿ?"

"ಏನಿಲ್ಲ," ಎಂದರು ರಾವಸಾಹೇಬರು, ಎಲ್ಲ ತಿಳಿದವರ ಧ್ವನಿಯಲ್ಲಿ.

ಹೀಗೆ ಎರಡು ಸಂಕಟ ಒಟ್ಟಿಗೆ ಕೂಡಿಕೊಂಡವು. ಹೇಳಿದರೆ ಕಳ್ಳರಾಗುತ್ತಾರೆ. ಹೇಳದಿದ್ದರೆ ಬುಧವಾರ ತೊಟ್ಟಿಲಲ್ಲಿ ಕೂಸಿನ ಬೆನ್ನಿಗೆ ಗುಂಡುಸೂಜಿ. ಮೂರನೆಯ ದಾರಿ, ಅದನ್ನು ತಾವೇ ಹುಡುಕಿ ತೆಗೆಯುವುದು. ಮೊದಲು ಕೈಯಿಂದ ಸವರಿದರು. ಐದು ಪದರದ ಕೌದಿಯಲ್ಲಿ ಕೈಗೆ ಏನು ತಿಳಿಯುತ್ತದೆ? ಎಂಬತ್ತೆರಡು ಕಿಲೋ ಬಿದ್ದರೆ ಗುಂಡುಸೂಜಿ ತಾನಾಗಿ ಮಾತನಾಡುತ್ತದೆ ಎಂದು ಸೋಮವಾರ ಮುಂಜಾನೆ, ಗೌರವ್ವ ನೀರಿಗೆ ನಿಂತಾಗ, ಅಂಗಿ ಬಿಚ್ಚಿ, ಕೌದಿಯನ್ನು ನೆಲಕ್ಕೆ ಹಾಸಿ, ಅದರ ಮೇಲೆ ಆ ಕಡೆಯಿಂದ ಈ ಕಡೆಗೆ ಉರುಳಿದರು. ಕೌದಿ ಕೂಸಿನದು, ಮೈ ಅವರದು. ಒಂದು ಉರುಳಿಗೆ ಕೌದಿ ಮುಗಿಯುತ್ತಿತ್ತು, ಅವರು ಮುಗಿಯುತ್ತಿರಲಿಲ್ಲ. ಹೋಗಿ ಗೋಡೆಗೆ ಬಡಿದು ಮತ್ತೆ ಬರುತ್ತಿದ್ದರು.

"ಭಾವಜಿ," ಎಂದಿತು ಬಾಗಿಲು. "ಕಾಯ್ ನವಸ್ ವಗೈರೆ ಕಾ? ಹರಕಿ ಏನರ ಹೊತ್ತೀರೇನ?"

"ಹೂಂ," ಎಂದರು ರಾವಸಾಹೇಬರು, ಅಂಗಾತ ಮಲಗಿ. ಬೇರೆ ಏನು ಹೇಳುವುದು?

ಮಧ್ಯಾಹ್ನದ ಹೊತ್ತಿಗೆ ಓಣಿಯಲ್ಲಿ ಸುದ್ದಿ ಹಬ್ಬಿತು. ರಾವಸಾಹೇಬರು ಮೊಮ್ಮಗನಿಗಾಗಿ ಉರುಳುಸೇವೆ ಮಾಡುತ್ತಿದ್ದಾರೆ, ಕೂಸಿಗೆ ಏನೋ ಗಂಭೀರವಾಗಿದೆ. ಸಂಜೆ ಇಬ್ಬರು ಹಿರಿಯರು ಬಾಳೆಹಣ್ಣು ಹಿಡಿದುಕೊಂಡು ಸಮಾಧಾನ ಹೇಳಲು ಬಂದರು. ಗೌರವ್ವ ಅವರಿಗೆ ಚಹಾ ಕೊಟ್ಟು, ಗಂಡನನ್ನು ದೀರ್ಘವಾಗಿ ನೋಡಿದಳೇ ಹೊರತು ಏನೂ ಕೇಳಲಿಲ್ಲ.

ಮಂಗಳವಾರ ರಾವಸಾಹೇಬರು ಕೌದಿಯನ್ನು ಚೀಲಕ್ಕೆ ತುಂಬಿ ಹೊರಟರು.

"ಎಲ್ಲಿ ಹೊಂಟ್ರಿ?"

"ಮಾಲಕರು ಒಮ್ಮಿ ನೋಡ್ತೇನಿ ಅಂದಾರ."

"ತೋರಿಸ್ಕೊಂಡ ಬರ್ರಿ," ಎಂದಳು ಗೌರವ್ವ. ಅಷ್ಟೇ ಅಲ್ಲ, ಎರಡು ರೊಟ್ಟಿ, ಪಲ್ಯ ಕಟ್ಟಿಕೊಟ್ಟಳು. ಕಾರಖಾನೆ ಮನೆಯಿಂದ ಹತ್ತು ನಿಮಿಷದ ಹಾದಿ. ಬುತ್ತಿ ಯಾಕೆಂದು ಆಗ ಅವರಿಗೆ ಹೊಳೆಯಲಿಲ್ಲ.

ಅವರು ಹೋದದ್ದು ಹುಪರಿಗೆ. ಅಲ್ಲಿ ರಂಗುಬಾಯಿಯ ತಮ್ಮ, ಜೀವನ ಎಂಬವನು, ಬೆಳ್ಳಿ ಕೆಲಸ ಮಾಡುತ್ತಾನೆ. ಬೆಳ್ಳಿಯನ್ನು ಅರದಿಂದ ಉಜ್ಜುವಾಗ ಉದುರುವ ಪುಡಿಯಲ್ಲಿ ಕಬ್ಬಿಣವೂ ಸೇರಿರುತ್ತದೆ. ಅದನ್ನು ಬೇರೆ ಮಾಡಲು ಅವರ ಹತ್ತಿರ ಅಂಗೈಯಗಲದ ಅಯಸ್ಕಾಂತ ಇರುತ್ತದೆ. ಜೀವನ ಕಾಲ್ಗೆಜ್ಜೆಯ ಕೆಲಸ ಬದಿಗಿಟ್ಟು ಎಲ್ಲ ಕೇಳಿಸಿಕೊಂಡ.

"ಅಂದ್ರ ಕೌದ್ಯಾಗಿಂದ ಕಬ್ಬಿಣ ತಗೀಬೇಕು."

"ಹೂಂ."

"ನಾ ಬೆಳ್ಳ್ಯಾಗಿಂದ ತಗದೇನಿ. ಕೌದ್ಯಾಗಿಂದ ಇದ ಮೊದಲ," ಎಂದು ಅವನು ಅಯಸ್ಕಾಂತವನ್ನು ಕೌದಿಯ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಆಮೇಲೆ ತಿರುವಿ ಹಾಕಿ ಆಡಿಸಿದ. ಅದು ರಾವಸಾಹೇಬರ ಕೀಲಿಕೈ ಗೊಂಚಲನ್ನು ಎರಡು ಸಲ ಹಿಡಿಯಿತು. ಕೌದಿಯಿಂದ ಏನೂ ಬರಲಿಲ್ಲ.

"ಇಲ್ಲ ಕಾಕಾ. ಏನೂ ಇಲ್ಲ."

ರಾವಸಾಹೇಬರಿಗೆ ಉಸಿರು ಬಂತು. ಜೀವನ ಪ್ರಾಮಾಣಿಕ ಕಸಬುದಾರ, ಅದೇ ತಪ್ಪಾಯಿತು. "ಆದ್ರ ಒಂದೊಂದ ಸ್ಟೀಲು ಇದಕ್ಕ ಹಿಡಿಯೂದಿಲ್ಲ ನೋಡ್ರಿ," ಎಂದು ಸೇರಿಸಿದ. "ಭಾಳ ಭಾರಿ ಮಾಲು ಇದ್ರ."

ಭಾರಿ ಮಾಲು. ಆ ಅತ್ತರಿನ ಮನುಷ್ಯ ಅರವತ್ತೊಂದನೆಯದನ್ನು ಹಗುರ ಮಾಲಿನಲ್ಲಿ ಕೊಡುತ್ತಾನೆಯೇ? ರಾವಸಾಹೇಬರು ರೊಟ್ಟಿ ತಿನ್ನದೆ ವಾಪಸು ಬಂದರು.

ಬುಧವಾರ ನಸುಕಿನಲ್ಲಿ ಗಂಡ, ಹೆಂಡತಿ, ಜೊತೆಗೆ ರಂಗುಬಾಯಿ ಹೊರಟರು. ತಾನಿಲ್ಲದೆ ಏನಾದರೂ ನಡೆದೀತೆಂಬ ಭಯ ರಂಗುಬಾಯಿಗೆ ಯಾವಾಗಲೂ ಇತ್ತು. ಕೊಲ್ಹಾಪುರದ ನಿಲ್ದಾಣದಲ್ಲಿ ಗಡಹಿಂಗ್ಲಜದ ಬಸ್ಸಿಗೆ ಕಾಯುವಾಗ ಮುದುಕರೊಬ್ಬರು ಕೌದಿಯ ಗಂಟನ್ನು ಕಂಡು, ಮೆತ್ತಗಿದೆಯೆಂದು ಕೂರಲು ಹೋದರು. ರಾವಸಾಹೇಬರು ಅವರ ರಟ್ಟೆ ಹಿಡಿದು ಎಳೆದರು. "ಕೂಡಬ್ಯಾಡ್ರಿ, ಕೂತ್ರ ಕೆಟ್ಟ ಆಗತೈತಿ," ಎಂದರು. ಸುತ್ತಲಿನ ಜನ ಒಂದು ಗಂಟಿನಿಂದ ಎಷ್ಟು ದೂರ ಸರಿಯಬೇಕೋ ಅಷ್ಟು ಸರಿದರು. ಪೊಲೀಸನೊಬ್ಬ ಬಂದ.

"ಆತ್ ಕಾಯ್ ಆಹೇ?" ಒಳಗೆ ಏನಿದೆ ಎಂದು ಕೇಳಿದ.

ರಾವಸಾಹೇಬರು ಆ ವಾರ ತುಂಬ ಸುಳ್ಳು ಹೇಳಿ ದಣಿದಿದ್ದರು. "ತೇಚ್ ಮಾಹೀತ್ ನಾಹೀ, ಸಾಹೇಬ," ಎಂದರು. ಅದೇ ಗೊತ್ತಿಲ್ಲ.

ಪೊಲೀಸ ಎರಡು ಹೆಜ್ಜೆ ಹಿಂದೆ ಸರಿದು ಊದುವ ಸೀಟಿಗೆ ಕೈ ಹಾಕಿದ. ಗೌರವ್ವ ಎದ್ದು ಗಂಟು ಬಿಚ್ಚಿ, ಕೌದಿಯನ್ನು ಝಾಡಿಸಿ, ಎರಡೂ ಕಡೆ ತೋರಿಸಿ, ಮಡಿಚಿದಳು. ಪೊಲೀಸ ಹತ್ತಿರ ಬಂದು ಮುಟ್ಟಿ ನೋಡಿ, ಇಂಥದು ತನ್ನ ಅವ್ವನೂ ಹೊಲಿಯುತ್ತಿದ್ದಳು ಎಂದ. "ಹೊಲಿಗೆ ನೆಟ್ಟಗಿದೆ," ಎಂದೂ ಮರಾಠಿಯಲ್ಲಿ ಹೊಗಳಿದ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ರಾವಸಾಹೇಬರು "ನಾವ ಹೊಲದದ್ದು" ಎನ್ನಲಿಲ್ಲ.

ಗಡಹಿಂಗ್ಲಜದ ಮನೆ ತುಂಬಿತ್ತು. ತೊಟ್ಟಿಲಿಗೆ ಹೂವು ಕಟ್ಟಿದ್ದರು. ಬೀಗತಿ ಸಾವಿತ್ರವ್ವ, ಎಲ್ಲದಕ್ಕೂ ಸಮಯ ನೋಡುವ ಹೆಂಗಸು, ಗಡಿಯಾರದ ಕೆಳಗೇ ನಿಂತಿದ್ದಳು. ಗೌರವ್ವ ಕೌದಿಯನ್ನು ಚಾಪೆಯ ಮೇಲೆ ಹಾಸಿದಳು. ನೇತ್ರಾ ಕೂಸನ್ನು ಎತ್ತಿಕೊಂಡು ಬಂದಳು. ಮೊದಲು ಕೌದಿಯ ಮೇಲೆ ಮಲಗಿಸಿ, ಆಮೇಲೆ ಕೌದಿ ಸಮೇತ ತೊಟ್ಟಿಲಿಗೆ. ಅವಳು ಬಗ್ಗಿದಳು.

ರಾವಸಾಹೇಬರು ನುಗ್ಗಿ ಹೋಗಿ ಕೌದಿಯ ಮೇಲೆ ಕೂತುಬಿಟ್ಟರು. ಮೂಲೆಗಲ್ಲ, ನಟ್ಟನಡುವೆ.

ಜೋಗುಳ ಶುರುಮಾಡಿದ್ದ ಹೆಂಗಸರು ಅರ್ಧಕ್ಕೆ ನಿಂತರು.

"ಬೀಗರ, ಏಳ್ರಿ. ವ್ಯಾಳ್ಯಾ ಮೀರಾಕತ್ತೈತಿ," ಎಂದಳು ಸಾವಿತ್ರವ್ವ.

"ಏಳೂದಿಲ್ಲ."

"ಅಪ್ಪಾ, ಏನಿದು?" ಎಂದಳು ನೇತ್ರಾ.

"ಅವರದು ಹರಕಿ ಐತಿ," ಎಂದು ರಂಗುಬಾಯಿ ತಿಳಿದವರಿಗೆ ತಿಳಿಸಿದಳು. "ಮೊನ್ನೆ ಉರುಳಿದ್ರು. ಇವತ್ತ ಕೂಡೂದು ಇರಬೇಕು."

"ಹರಕಿ ಅಲ್ಲ," ಎಂದರು ರಾವಸಾಹೇಬರು. "ಇದರಾಗ ಒಂದ ಪಿನ್ ಐತಿ. ನಾನ ಡಬ್ಬ್ಯಾಗಿಂದ ಕದ್ದೆ. ಕಾಲರಿಗೆ ಚುಚ್ಚಿಗೊಂಡು ಇದರ ಮ್ಯಾಲ ಮಲಗಿದೆ. ಉದರೇತಿ. ಹುಪರಿಗೆ ಒಯ್ದು ಹುಡಕಿಸೀನಿ, ಸಿಕ್ಕಿಲ್ಲ. ಕೂಸನ್ನ ಇದರ ಮ್ಯಾಲ ಹಾಕಬ್ಯಾಡ್ರಿ. ನನ್ನ ಏನರ ಅನ್ರಿ."

"ಯಾಕ ಕದ್ರಿ?" ಎಂದು ಸಾವಿತ್ರವ್ವ ಕೇಳಿದಳು. ಆಕೆಗೆ ಗುಂಡುಸೂಜಿ ಕದ್ದ ಬೀಗರು ಹೊಸಬರು.

ರಾವಸಾಹೇಬರು ಹೆಂಡತಿಯ ಕಡೆ ನೋಡಿದರು. "ಪಿನ್ ಬಂದು ನನ್ನ ಎಬ್ಬಸ್ತು," ಎಂದರು.

ಗೌರವ್ವ ಮುಂದೆ ಬಂದು, ಸಾವಕಾಶ ಕೂತು, ಅರಿಷಿಣ ಹತ್ತಿದ ಹೆಬ್ಬೆರಳನ್ನು ಗಂಡನ ಮೂಗಿನ ಮುಂದೆ ಹಿಡಿದಳು.

"ಶುಕ್ರವಾರ ನಿಮ್ಮ ಅಂಗಿ ಒಗದವರ ಯಾರು?"

ರಾವಸಾಹೇಬರು ಬೆರಳು ನೋಡಿದರು.

"ಕಾಲರ್ ತಿಕ್ಕಾಕ ಹೋದೆ, ಚುಚ್ತು. ತಗದ ಡಬ್ಬ್ಯಾಗ ಇಟ್ಟೆ. ಅರವತ್ತಕ್ಕ ಅರವತ್ತ."

ಅರವತ್ತೊಂದನೆಯ ಗುಂಡುಸೂಜಿ, ಅದರ ಭಾರಿ ಮಾಲು, ಅದರ ಹಿಂದಿನ ಅತ್ತರು, ಎಲ್ಲವೂ ರಾವಸಾಹೇಬರ ತಲೆಯಿಂದ ಒಂದೊಂದಾಗಿ ಇಳಿದವು.

"ಮತ್ತ ಹುಪರಿಗೆ ಹೋಗೂದು ನಿನಗ ಗೊತ್ತಿತ್ತು?"

"ಜೀವನನ ಮನಿ ಎಲ್ಲಿ ಅಂತ ರಂಗುಬಾಯಿಗೆ ಕೇಳಿದ್ರೆಲ್ಲ. ಅದಕ್ಕ ರೊಟ್ಟಿ ಕಟ್ಟಿದೆ."

"ತಡೀಬಾರದ?"

"ಎಷ್ಟ ದೂರ ಹೋಗ್ತೀರಿ ನೋಡೂಣು ಅಂತ ಬಿಟ್ಟೆ," ಎಂದಳು ಗೌರವ್ವ. "ಇಪ್ಪತ್ತೆಂಟ ವರ್ಷ ಆತು. ಕುಂತಲ್ಲೇ ನಿದ್ದಿ ಮಾಡ್ತೀರಿ, ನಿದ್ದ್ಯಾಗ ಗ್ವಾಡಿ ಕಡೆ ಸರೀತೀರಿ. ಒಂದರ ಕೌದಿ ನೆಟ್ಟಗ ಬಂದೈತೇನ? ಎಲ್ಲಾದಕ್ಕೂ ಆ ಒಂದ ಮೂಲಿ ಉದ್ದ. ಸಾಯೂದ್ರಾಗ ಒಂದ ಕೌದಿ ಚೌಕ ಹೊಲೀಬೇಕು ಅಂತ ನನಗೂ ಇರೂದಿಲ್ಲೇನ?"

ರಾವಸಾಹೇಬರು ತಮ್ಮ ಕೆಳಗಿನ ಕೌದಿಯನ್ನು ಬಗ್ಗಿ ನೋಡಿದರು. ನಿಜ. ಚೌಕವಾಗಿತ್ತು. ಪೊಲೀಸನೂ ಹೇಳಿದ್ದ. ಅವರು ಎರಡೂ ಕೈ ಊರಿ, ಏಳಲು ಶುರುಮಾಡಿದರು. ಅದು ಯಾವಾಗಲೂ ಸ್ವಲ್ಪ ದೀರ್ಘ ಕಾರ್ಯಕ್ರಮ.

ಅಷ್ಟರಲ್ಲಿ ನೇತ್ರಾಳ ಮೊದಲ ಮಗಳು, ಐದು ವರ್ಷದ ರುತುಜಾ, ತನ್ನ ಹಳೆಯ ಕೌದಿಯನ್ನು ಎಳೆದುಕೊಂಡು ಬಂದು ತಮ್ಮನ ಕೌದಿಯ ಪಕ್ಕ ಕೂತಳು. ಒಂದು ಮೂಲೆ ಹಿಡಿದಳು, ಬಿಟ್ಟಳು. ಇನ್ನೊಂದು ಹಿಡಿದಳು, ಬಿಟ್ಟಳು. ಎಲ್ಲ ಮುಗಿದ ಮೇಲೆ ತೀರ್ಪು ಕೊಟ್ಟಳು.

"ಇದಕ್ಕ ಕಿವಿ ಇಲ್ಲ."

"ಏನವಾ?" ಎಂದಳು ಗೌರವ್ವ.

ರುತುಜಾ ತನ್ನ ಕೌದಿ ಎತ್ತಿ ತೋರಿಸಿದಳು. ಒಂದು ಮೂಲೆ ಉಳಿದ ಮೂರಕ್ಕಿಂತ ಒಂದೂವರೆ ಇಂಚು ಉದ್ದವಾಗಿ, ಚೀಪಿ ಚೀಪಿ ಬಣ್ಣ ಬಿಟ್ಟು, ಜೋತಾಡುತ್ತಿತ್ತು.

"ಅದನ್ನ ಹಿಡದ್ರನ ಮಲಗ್ತಾಳವ್ವಾ," ಎಂದಳು ನೇತ್ರಾ, ಸ್ವಲ್ಪ ನಾಚಿಕೊಂಡು. "ನಾನೂ ಹಂಗ ಮಲಗ್ತಿದ್ದೆ. ನನ್ನ ಕೌದೀಗೂ ಕಿವಿ ಇತ್ತು. ನಾ ತಿಳದಿದ್ದೆ, ನೀ ಬೇಕಂತ ಹೊಲೀತಿ ಅಂತ."

ಗೌರವ್ವ ಮಗಳನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು, ತನ್ನ ಜೀವನದ ಏಕಮಾತ್ರ ಚೌಕ ಕೌದಿಯನ್ನು ನೋಡಿದಳು. ಆಮೇಲೆ ಸೊಂಟದ ಚೀಲದಿಂದ ಸೂಜಿದಾರ ತೆಗೆದಳು. ರೊಟ್ಟಿಯ ಚೂರು ಕೇಳಿ ಇಸಿದುಕೊಂಡಳು.

"ಈ ಮೂಲಿ ಮುಚ್ಚೂದ ಐತಿ," ಎಂದಳು, ಯಾರ ಕಡೆಯೂ ನೋಡದೆ. "ಸರದ ಕೂಡ್ರಿ."

ರಾವಸಾಹೇಬರು ನಡುವಿನಿಂದ ಮೂಲೆಗೆ ಸರಿದು ಕೂತರು. ನಸುಕಿನಲ್ಲಿ ಎದ್ದವರು, ಮೂರು ರಾತ್ರಿ ಸರಿಯಾಗಿ ಮಲಗದವರು. ಒಂದು ಗೇಣಿನ ಹೊಲಿಗೆ. ಅರ್ಧಕ್ಕೇ ಅವರ ಗದ್ದ ಎದೆಗೆ ತಾಗಿತು. ಮೈ ಗೋಡೆಯ ಕಡೆ ವಾಲಿತು, ಬಟ್ಟೆ ಅದರ ಜೊತೆ ಹೊರಟಿತು. ಸಾವಿತ್ರವ್ವ ಗಡಿಯಾರ ನೋಡಿ ಎಬ್ಬಿಸಲು ಕೈ ಚಾಚಿದಳು.

"ಇರ್ರಿ," ಎಂದಳು ಗೌರವ್ವ. "ಇನ್ನೊಂದ ಅರ್ಧಾ ಇಂಚ."

ಮುಂದಿನ ಭಾನುವಾರ ಇಚಲಕರಂಜಿಯ ಪಡಸಾಲೆಯಲ್ಲಿ ಹೊಸ ಕೌದಿ ಹಾಸಿತ್ತು. ಮೂರು ಮೂಲೆಗೆ ಬಿಳಿ ತಲೆಯ ಗುಂಡುಸೂಜಿ, ನಾಲ್ಕನೆಯದಕ್ಕೆ ರಾವಸಾಹೇಬರು. ಪತ್ರಿಕೆ ವೃಷಭ ರಾಶಿಯವರೆಗೆ ಬಂದಿತ್ತು. ಬಾಗಿಲಲ್ಲಿ ರಂಗುಬಾಯಿ ನಿಂತು ತುಂಬ ಹೊತ್ತು ನೋಡಿದಳು.

"ಗೌರಕ್ಕಾ, ನಮ್ಮ ಮೊಮ್ಮಗಳೂ ಕಿವಿ ಇದ್ದ ಕೌದಿ ಬೇಕಂತಾಳ. ಭಾವಜಿನ್ನ ಒಂದ ತಾಸ ಕಳಸ್ತೀಯೇನ? ಸುಮ್ಮನ ಕೂತ್ರ ಸಾಕು."

ರಾವಸಾಹೇಬರು ಪತ್ರಿಕೆ ಕೆಳಗಿಳಿಸಿದರು. ಮುಖದಲ್ಲಿ ಒಪ್ಪಿಗೆಯ ಕಳೆ ಕಾಣಿಸಿಕೊಳ್ಳುತ್ತಿತ್ತು.

ಗೌರವ್ವ ದಾರವನ್ನು ಹಲ್ಲಿನಿಂದ ಕಡಿದಳು. ಕೌದಿಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ಕಿತ್ತಳು, ಡಬ್ಬಿಗೆ ಹಾಕಿದಳು, ಮುಚ್ಚಳ ಒತ್ತಿ ರಂಗುಬಾಯಿಯ ಕೈಯಲ್ಲಿಟ್ಟಳು.

"ನಮ್ಮ ಮನಿಯವರು ಹೊರಗ ಕೂಡೂದಿಲ್ಲ," ಎಂದಳು. "ಇವನ್ನೂ ಒಯ್ಯಿ. ಅರವತ್ತ ಅದಾವ."